ಹಗ್ಗ ಹೊರಗೆ ಬಂದರೆ ಬಂಡೆಗೆ ಸೇರಬೇಕು

ಕೈಯನ್ನೂ ಊರಿ ಬಂಡೆ ಹತ್ತಬೇಕಾದ ದಾರಿಗಳಿಗೆ, ಅಂದರೆ ಸ್ಕ್ರಾಂಬ್ಲಿಂಗ್‌ಗೆ, ನಾನು ಹೊಸಬರನ್ನು ಆಗಾಗ ಕರೆದುಕೊಂಡು ಹೋಗುತ್ತೇನೆ. ಹೊರಡುವ ಮುಂಚೆ ಎಲ್ಲರಿಗೂ ಒಂದು ಪ್ರಶ್ನೆ ಕೇಳುತ್ತೇನೆ: ನಿಮ್ಮ ಸೊಂಟಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಎಲ್ಲಿದೆ? ಗೆಳೆಯನ ಸೊಂಟದಲ್ಲಿ ಅನ್ನುತ್ತಾರೆ. ಸರಿ, ಆ ಗೆಳೆಯ ಯಾವುದಕ್ಕೆ ಕಟ್ಟಿಕೊಂಡಿದ್ದಾನೆ? ಯಾವುದಕ್ಕೂ ಇಲ್ಲ ಅಂದರೆ, ಒಬ್ಬರು ಜಾರಿದಾಗ ಹಗ್ಗ ಇನ್ನೊಬ್ಬರನ್ನೂ ಎಳೆದುಕೊಂಡು ಹೋಗುತ್ತದೆ. ಹಗ್ಗ ಬಂಡೆಗೆ ಸೇರಿರಬೇಕು, ಇಲ್ಲವೇ ಬ್ಯಾಗಿನಲ್ಲಿ ಇರಬೇಕು. ಈ ವಿಷಯದಲ್ಲಿ ನಾನು ಯಾರ ಜೊತೆಗೂ ರಾಜಿ ಆಗುವುದಿಲ್ಲ.

ಹಗ್ಗ ಡೈನಮಿಕ್ ಆಗಿರಲಿ. ಬಿದ್ದಾಗ ಅದು ಹಿಗ್ಗಿ ಪೆಟ್ಟನ್ನು ತಗ್ಗಿಸುತ್ತದೆ. ಸ್ಟ್ಯಾಟಿಕ್ ಹಗ್ಗ ಅಷ್ಟು ಹಿಗ್ಗುವುದಿಲ್ಲ, ಪೆಟ್ಟು ಪೂರ್ತಿ ಮೈಗೂ ಆ್ಯಂಕರ್‌ಗೂ, ಅಂದರೆ ಹಗ್ಗವನ್ನು ಬಂಡೆಗೆ ಸೇರಿಸಿದ ಜಾಗಕ್ಕೂ, ಬೀಳುತ್ತದೆ. ತುದಿಯ ಪಟ್ಟಿಯಲ್ಲಿ ಇಎನ್ 892 ಅಂತ ಇದೆಯಾ ನೋಡಿ, ಅದು ಡೈನಮಿಕ್ ಹಗ್ಗದ ಗುರುತು. ಅದರ ಪಕ್ಕದಲ್ಲೇ ಒಂದು ವೃತ್ತದೊಳಗೆ 1 ಅಂತ ಇದ್ದರೆ ಒಂಟಿ ಎಳೆಯಾಗಿ ಬಳಸಬಹುದು. ನಾನು ಒಯ್ಯುವುದು 9 ಮಿಲಿಮೀಟರ್ ದಪ್ಪದ, 40 ಮೀಟರ್ ಉದ್ದದ ಒಂಟಿ ಹಗ್ಗ. ಸ್ಕ್ರಾಂಬ್ಲಿಂಗ್‌ಗೆ ಅಷ್ಟು ಸಾಕು.

ಜೊತೆಗೆ ಇಬ್ಬರಿಗೂ ಹೆಲ್ಮೆಟ್, ಇಬ್ಬರಿಗೂ ಹಾರ್ನೆಸ್ (ಸೊಂಟಕ್ಕೂ ತೊಡೆಗೂ ಹಾಕುವ ಪಟ್ಟಿ, ಹಗ್ಗ ಕಟ್ಟುವುದು ಇದಕ್ಕೆ). 120 ಸೆಂಟಿಮೀಟರಿನ ಸ್ಲಿಂಗ್, ಅಂದರೆ ಕಲ್ಲಿಗೆ ಹಾಕುವ ಗಟ್ಟಿ ಪಟ್ಟಿಯ ಕುಣಿಕೆ, ಮೂರು, 240ರದ್ದು ಒಂದು. ಬಾಯಿಗೆ ತಿರುಪು ಇರುವ ಕ್ಯಾರಬೈನರ್ (ಬಾಯಿ ತೆರೆದು ಮುಚ್ಚುವ ಲೋಹದ ಕೊಂಡಿ) ನಾಲ್ಕು, ಅದರಲ್ಲಿ ಎರಡಾದರೂ ಅಗಲ ತಲೆಯ ಎಚ್‌ಎಂಎಸ್ ಮಾದರಿಯವು. ಬಿರುಕಿಗೆ ಸಿಕ್ಕಿಸಲು ನಟ್‌ಗಳು, ಅಂದರೆ ತಂತಿ ಕಟ್ಟಿದ ಲೋಹದ ಬೆಣೆಗಳು, ಐದಾರು. ಇದಕ್ಕಿಂತ ಜಾಸ್ತಿ ಹೊತ್ತರೆ ಭಾರಕ್ಕೇ ಕಾಲು ತಪ್ಪುತ್ತದೆ.

ಆ್ಯಂಕರ್ ಹುಡುಕುವುದೇ ಈ ಕೆಲಸದ ಜೀವ. ಸ್ಕ್ರಾಂಬ್ಲಿಂಗ್ ದಾರಿಯಲ್ಲಿ ಹೆಚ್ಚಾಗಿ ಸಿಗುವುದು ಕೊಂಬಿನ ಹಾಗೆ ಎದ್ದು ನಿಂತ ಕಲ್ಲು. ಕಂಡ ಕೂಡಲೇ ಸ್ಲಿಂಗ್ ಹಾಕಬೇಡಿ. ಮೊದಲು ಬುಡ ನೋಡಿ: ಅದು ಬೆಟ್ಟದ್ದೇ ಭಾಗವಾ, ಅಥವಾ ಸುಮ್ನೆ ಮೇಲೆ ಕೂತ ಕಲ್ಲಾ? ಸುತ್ತ ಬಿರುಕು, ಮಣ್ಣು, ಹುಲ್ಲು ಇದ್ದರೆ ಅನುಮಾನ ಪಡಿ. ಒಂದು ಅಂಗೈ ಕಲ್ಲಿನ ಮೇಲಿಟ್ಟು ಇನ್ನೊಂದು ಕೈಯಿಂದ ಗುದ್ದಿ. ಟೊಳ್ಳು ಸದ್ದು ಬಂದರೆ, ಅಥವಾ ಇಟ್ಟ ಕೈಗೆ ನಡುಕ ತಿಳಿದರೆ, ಬಿಟ್ಟುಬಿಡಿ. ಆಮೇಲೆ ಎಳೆದು ನೋಡಿ, ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಇಷ್ಟು ಮಾಡುವಾಗ ಕೆಳಗೆ ಯಾರೂ ನಿಂತಿರಬಾರದು.

ಕಲ್ಲು ಗಟ್ಟಿ ಇದ್ದರೆ ಸಾಲದು, ಎಳೆತ ಯಾವ ಕಡೆಯಿಂದ ಬರುತ್ತದೆ ಅನ್ನುವುದೂ ಮುಖ್ಯ. ಕೆಳಕ್ಕೆ ಎಳೆದರೆ ಭದ್ರವಾಗಿರುವ ಸ್ಲಿಂಗ್, ಪಕ್ಕಕ್ಕೆ ಅಥವಾ ಮೇಲಕ್ಕೆ ಎಳೆದರೆ ಕಳಚಿ ಬರಬಹುದು. ಹಾಗಾಗಿ ನಿಮ್ಮ ಹಿಂದೆ ಬರುವವರು ಹತ್ತುವ ದಾರಿಗೆ ಆದಷ್ಟೂ ನೇರವಾಗಿರುವ ಕಲ್ಲನ್ನೇ ಆರಿಸಿ. ಸ್ಲಿಂಗ್ ಚಿಕ್ಕದಾದರೆ ಕಲ್ಲಿನ ಸುತ್ತ ಬಿಗಿಯಾಗಿ ನಿಂತು ಅದರ ಎರಡು ಕಾಲುಗಳ (ಕಲ್ಲಿನಿಂದ ಕ್ಯಾರಬೈನರ್‌ಗೆ ಬರುವ ಎರಡು ಎಳೆಗಳ) ನಡುವಿನ ಕೋನ ಅಗಲವಾಗುತ್ತದೆ. ಕೋನ 60 ಡಿಗ್ರಿ ಒಳಗಿದ್ದರೆ ಒಂದೊಂದು ಕಾಲಿನ ಮೇಲೂ ಭಾರದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ ಬೀಳುತ್ತದೆ. 120 ಡಿಗ್ರಿ ಆದರೆ ಒಂದೊಂದು ಕಾಲಿನ ಮೇಲೂ ಪೂರ್ತಿ ಭಾರ. 240ರ ಸ್ಲಿಂಗ್ ಹೊರುವುದು ಇದಕ್ಕೇ.

ಹತ್ತುವಾಗ ಗಂಟುಗಳು ಮೂರು ಬಂದರೆ ಸಾಕು, ಆದರೆ ಕತ್ತಲಲ್ಲೂ ಕೈ ತಾನಾಗಿ ಕಟ್ಟುವಷ್ಟು ಬರಬೇಕು. ಹಾರ್ನೆಸ್‌ಗೆ ಫಿಗರ್ ಆಫ್ ಏಯ್ಟ್, ಕಟ್ಟಿದ ಮೇಲೆ ಒಂದು ಗೇಣು ತುದಿ ಉಳಿಯಲಿ. ನೀವು ಆ್ಯಂಕರ್‌ಗೆ ಸೇರಿಕೊಳ್ಳಲು ಕ್ಲೋವ್ ಹಿಚ್. ಅದನ್ನು ಬಿಚ್ಚದೆಯೇ ಉದ್ದ ಗಿಡ್ಡ ಮಾಡಬಹುದು. ಹಿಂದಿನವರನ್ನು ಮೇಲೆ ತರಲು ಇಟಾಲಿಯನ್ ಹಿಚ್, ಅಂದರೆ ಕ್ಯಾರಬೈನರ್‌ಗೆ ಸುತ್ತಿದ ಹಗ್ಗದ ಉಜ್ಜಿಕೆಯಿಂದ ಭಾರ ತಡೆಯುವ ಗಂಟು.

ಕ್ರಮ ಹೀಗೆ. ಮೇಲೆ ತಲುಪಿದಿರಿ, ಆ್ಯಂಕರ್ ಹಾಕಿದಿರಿ, ಮೊದಲು ನಿಮ್ಮನ್ನು ಕಟ್ಟಿಕೊಂಡಿರಿ. ಆಮೇಲೆ ಸಡಿಲವಾಗಿ ಬಿದ್ದಿರುವ ಹಗ್ಗವನ್ನೆಲ್ಲ ಎಳೆದುಕೊಳ್ಳಿ. ಅದು ಹಿಂದಿನವರ ಸೊಂಟಕ್ಕೆ ಬಿಗಿಯಾದಾಗ ಆ್ಯಂಕರ್‌ನ ಎಚ್‌ಎಂಎಸ್‌ನಲ್ಲಿ ಇಟಾಲಿಯನ್ ಹಿಚ್ ಹಾಕಿ, ತಿರುಪು ಮುಚ್ಚಿ, ಆಗ 'ಬನ್ನಿ' ಅನ್ನಿ. ಅವರು ಹೆಜ್ಜೆ ಇಟ್ಟ ಹಾಗೆ ಹಗ್ಗ ಎಳೆದುಕೊಳ್ಳುತ್ತಿರಿ. ಬ್ರೇಕ್ ಎಳೆ (ಗಂಟಿನಿಂದ ನಿಮ್ಮ ಕೈಗೆ ಬರುವ ಎಳೆ) ಹಿಡಿದ ಕೈ ಯಾವತ್ತೂ ಬಿಡಬಾರದು. ಆ ಎಳೆ ಕ್ಯಾರಬೈನರ್‌ನ ಬೆನ್ನಿನ ಕಡೆ ಇರಲಿ. ಬಾಯಿಯ ಕಡೆ ಉಜ್ಜಿದರೆ ತಿರುಪು ಬಿಚ್ಚಿಕೊಳ್ಳಬಹುದು. ಇದೆಲ್ಲ ಆ್ಯಂಕರ್ ನೂರಕ್ಕೆ ನೂರು ಗಟ್ಟಿ ಇದ್ದಾಗ ಮಾತ್ರ.

ಮುಂದೆ ಹತ್ತುವವರ ಕಥೆ ಬೇರೆ. ದಾರಿಯಲ್ಲಿ ಬಂಡೆಗೆ ಹಾಕಿ ಹಗ್ಗ ಸೇರಿಸಿದ ಕೊನೆಯ ಸ್ಲಿಂಗ್‌ನಿಂದ 3 ಮೀಟರ್ ಮೇಲಿರುವಾಗ ಜಾರಿದರೆ ಕಡಿಮೆ ಅಂದರೂ 6 ಮೀಟರ್ ಬೀಳುತ್ತಾರೆ, ಅದರ ಮೇಲೆ ಹಗ್ಗದ ಹಿಗ್ಗು ಬೇರೆ. ಸ್ಕ್ರಾಂಬ್ಲಿಂಗ್ ದಾರಿಯ ತುಂಬಾ ಮೆಟ್ಟಿಲಿನ ಹಾಗೆ ಚಾಚಿದ ಬಂಡೆಗಳು. ಹಗ್ಗ ಬಿಗಿಯಾಗುವ ಮೊದಲೇ ಮೈ ಅವುಗಳಿಗೆ ಬಡಿಯುತ್ತದೆ. ಅದಕ್ಕೇ ಮುಂದೆ ಹೋಗುವವರು ಹಗ್ಗ ಇಲ್ಲದೆಯೂ ಆರಾಮಾಗಿ ಹತ್ತಿ, ಅಲ್ಲಿಂದಲೇ ಇಳಿದು ಬರಬಲ್ಲಂಥವರಾಗಿರಬೇಕು.

ಬ್ಯಾಗಿನಿಂದ ಹಗ್ಗ ಯಾವಾಗ ಹೊರಗೆ ತೆಗೆಯಬೇಕು? ಯಾರಾದರೂ ಹೆದರುವ ಮುಂಚೆ. ಏಣಿನ ಮಧ್ಯೆ ಕೈ ನಡುಗುವಾಗ ಹಾರ್ನೆಸ್ ಹಾಕಿಸುವುದು ಬಹಳ ಕಷ್ಟ. ಬುಡದಲ್ಲೇ ಹಾರ್ನೆಸ್, ಹೆಲ್ಮೆಟ್ ಹಾಕಿಸಿ, ಹಗ್ಗ ಬ್ಯಾಗಿನ ಮೇಲ್ಭಾಗದಲ್ಲಿ ಕೈಗೆ ಸಿಗುವಂತೆ ಇಡಿ. ಜೊತೆಗಿದ್ದವರು ಮಾತು ನಿಲ್ಲಿಸಿದರೆ ನಾನು ಅಲ್ಲೇ ನಿಂತು ಹಗ್ಗ ತೆಗೆಯುತ್ತೇನೆ. ಬೇಕಾ ಅಂತ ಕೇಳುವುದಿಲ್ಲ, ಕೇಳಿದರೆ ಸಂಕೋಚಕ್ಕೆ ಬೇಡ ಅನ್ನುತ್ತಾರೆ.

ಹಗ್ಗ ತೆಗೆದ ಮೇಲೆ ಇನ್ನೊಂದು ಅಪಾಯ ಶುರುವಾಗುತ್ತದೆ. ಎಳೆಯುವಾಗ ಅದು ಸಡಿಲ ಕಲ್ಲುಗಳನ್ನು ಉರುಳಿಸುತ್ತದೆ. ಕೆಳಗಿರುವವರು ಹಗ್ಗದ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಲ್ಲಲಿ. ಮೇಲಿಂದ 'ಕಲ್ಲು' ಅಂತ ಕೂಗಿದರೆ ತಲೆ ಎತ್ತಿ ನೋಡಬಾರದು, ಬಂಡೆಗೆ ಮೈ ಅಂಟಿಸಿ ನಿಲ್ಲಬೇಕು. ಹರಿತವಾದ ಅಂಚಿನ ಮೇಲೆ ಹಗ್ಗ ಅಡ್ಡಡ್ಡ ಉಜ್ಜಿದರೆ ತುಂಡಾಗಬಹುದು. ಅಂಥ ಕಡೆ ಆ್ಯಂಕರ್ ಜಾಗವನ್ನೇ ಬದಲಿಸಿ.

ವಾಪಸ್ ಬರಬೇಕಾಗಿ ಬಂದರೆ ಹಗ್ಗ ಮಡಿಸಿ ರಾಪೆಲ್ ಮಾಡುತ್ತೇವೆ, ಅಂದರೆ ಆ್ಯಂಕರ್‌ಗೆ ಸೇರಿಸಿದ ಹಗ್ಗದ ಮೇಲೆ ನಾವೇ ಇಳಿಯುತ್ತೇವೆ. 40 ಮೀಟರ್ ಹಗ್ಗದಲ್ಲಿ ಸಿಗುವುದು 20 ಮೀಟರ್ ಮಾತ್ರ. ಎರಡೂ ತುದಿಗೆ ಗಂಟು ಹಾಕಿ, ಪ್ರುಸಿಕ್ (ಕೈ ತಪ್ಪಿದರೂ ಹಗ್ಗವನ್ನು ಕಚ್ಚಿ ಹಿಡಿಯುವ ಗಂಟು) ಕಟ್ಟಿ, ಆಮೇಲೆ ಇಳಿಯಿರಿ. ಯಾರನ್ನಾದರೂ ಹಗ್ಗ ಬಿಡುತ್ತಾ ಇಳಿಸುವಾಗ ಮಾತ್ರ ಹಗ್ಗ ನೇರವಾಗಿ ಸ್ಲಿಂಗ್ ಮೇಲೆ ಓಡಬಾರದು, ಉಜ್ಜಿದ ಬಿಸಿಗೆ ಸ್ಲಿಂಗ್ ಕರಗಿ ಹರಿಯುತ್ತದೆ. ನಡುವೆ ಒಂದು ಕ್ಯಾರಬೈನರ್ ಇರಲಿ. ಅದನ್ನು ಬೆಟ್ಟದಲ್ಲೇ ಬಿಟ್ಟು ಬರಬೇಕಾದೀತು, ಬಿಟ್ಟು ಬನ್ನಿ.

ಮನೆಗೆ ಬಂದ ಮೇಲೆ ಹಗ್ಗವನ್ನು ಪೂರ್ತಿ ಬೆರಳ ನಡುವೆ ಹಾಯಿಸಿ ನೋಡುತ್ತೇನೆ. ಎಲ್ಲಾದರೂ ಮೆತ್ತಗೆ, ಚಪ್ಪಟೆಯಾಗಿ ಸಿಕ್ಕರೆ, ಅಥವಾ ಹೊದಿಕೆ ಹರಿದು ಒಳಗಿನ ಬಿಳಿ ಎಳೆ ಕಂಡರೆ, ಅದರ ಕೆಲಸ ಮುಗಿಯಿತು. ಕೊಳೆ ಆಗಿದ್ದರೆ ಉಗುರುಬೆಚ್ಚಗಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಬ್ಯಾಟರಿ ಆಸಿಡ್ ಹತ್ತಿರ ಇಡಲೇಬೇಡಿ, ಹಾನಿ ಕಣ್ಣಿಗೆ ಕಾಣುವುದೇ ಇಲ್ಲ. ನಿವೃತ್ತಿಯಾದ ಹಗ್ಗವನ್ನು ಬಿಸಾಡುವ ಮುಂಚೆ ಚಿಕ್ಕ ತುಂಡುಗಳಾಗಿ ಕತ್ತರಿಸಿ, ಇನ್ನೊಬ್ಬರು ಎತ್ತಿಕೊಂಡು ಬಳಸದ ಹಾಗೆ.