ನಕ್ಷೆಯಲ್ಲಿ ಬರೆಸಿದ ಮೇಲೆ ಉಳಿದ ಮರಗಳು: ನನ್ನ ಅನುಭವ

ಕೊಪ್ಪಳದ ನಮ್ಮ ಓಣಿಯಲ್ಲಿ 14 ಮರ ಇದ್ದವು. ಬೇವು ಜಾಸ್ತಿ, ನಾಲ್ಕು ಹೊಂಗೆ. ಮೂರು ಹಳೆ ಮನೆ ಕೆಡವಿ ಅಪಾರ್ಟ್‌ಮೆಂಟ್ ಎದ್ದ ಮೇಲೂ 13 ಇವೆ. ನಂಬದವರು ಬಂದು ಎಣಿಸಬಹುದು. "ಸರ್ರ, ಬಿಲ್ಡರ್ ಮುಂದ ಮರ ಉಳಿತಾವೇನ್ರಿ, ಸುಮ್ನ ಬಿಡ್ರಿ" ಎಂದಿದ್ದ ಪಕ್ಕದ ಮನೆಯವರೇ ಈಗ ತಮ್ಮ ತಂಗಿಯ ಓಣಿಗೆ ನನ್ನನ್ನು ಕರೆದೊಯ್ಯುತ್ತಿದ್ದಾರೆ.

ಇದಕ್ಕೆ ಮೊದಲು ಹಿಂದಿನ ಓಣಿಯಲ್ಲಿ ನಾಲ್ಕು ಬೇವು ಕಳೆದುಕೊಂಡಿದ್ದೆವು. ಸಹಿ ಮಾಡಿಸಿದೆವು, 200ರ ಹತ್ತಿರ ಆಗಿತ್ತು. ಬುಡಕ್ಕೆ ಅರಿಶಿನ ಕುಂಕುಮ ಹಚ್ಚಿದೆವು. ಅರ್ಜಿ ಕೊಟ್ಟಾಗ ಕಟ್ಟಡದ ಲೈಸನ್ಸ್ ಆಗಲೇ ಆಗಿತ್ತು, ಗೇಟ್ ಎಲ್ಲಿ ಅಂತ ನಕ್ಷೆಯಲ್ಲಿ ಗೆರೆ ಬಿದ್ದಿತ್ತು. ಮೂರು ಮರ ಒಂದೇ ಬೆಳಿಗ್ಗೆ ಹೋದವು. ನಾಲ್ಕನೆಯದನ್ನು ಬೇರೆ ಕಡೆ ನೆಡೋಣ ಅಂತ ಹಟ ಹಿಡಿದೆ. ಕ್ರೇನು, ಜೇಸಿಬಿ, ಕೂಲಿ ಎಲ್ಲ ಸೇರಿ 30 ಸಾವಿರದ ಹತ್ತಿರ, ಅರ್ಧ ನನ್ನ ಜೇಬಿನಿಂದ. ಸುತ್ತಳತೆ ಮೂರೂವರೆ ಅಡಿ ಇತ್ತು, ಬೇರಿನ ಮುದ್ದೆ ಚಿಕ್ಕದಾಯಿತು, ಅದೂ ಮಾರ್ಚ್ ತಿಂಗಳು. ಒಮ್ಮೆ ಚಿಗುರಿತು, ಮೇನಲ್ಲಿ ಒಣಗಿತು. ಆ ದುಡ್ಡಿನ ನೋವಿಗಿಂತ ಆ ಚಿಗುರು ನೋಡಿ ಸಂತೋಷಪಟ್ಟಿದ್ದೆನಲ್ಲ, ಅದು ಜಾಸ್ತಿ ಕಾಡಿತು.

ಆಮೇಲೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಆ ನಕ್ಷೆ ತರಿಸಿಕೊಂಡೆ. ರಸ್ತೆಯ ಬದಿ ಖಾಲಿ! ಒಂದು ಮರವೂ ಇಲ್ಲ. ಎಲ್ಲಿ ತಪ್ಪಿದೆವು ಅಂತ ಆಗ ಗೊತ್ತಾಯಿತು. ನಕ್ಷೆಯಲ್ಲಿ ಮರವೇ ಇಲ್ಲದಿದ್ದರೆ ಗೇಟ್ ಗೆರೆ ಎಲ್ಲಿ ಬೇಕಾದರೂ ಬೀಳುತ್ತದೆ. ಮರ ಕಡಿಯಲು ಅನುಮತಿ ಬೇಕು ಅನ್ನುವ ಕರ್ನಾಟಕದ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಕಡಿಯುವ ಮರ 50ಕ್ಕಿಂತ ಜಾಸ್ತಿ ಇದ್ದರೆ ಜನರ ಆಕ್ಷೇಪಣೆ ಕೇಳಬೇಕು. ನಮ್ಮದು 14. ನಮ್ಮಂಥ ಓಣಿಯನ್ನು ಯಾರೂ ಬಂದು ಕೇಳುವುದಿಲ್ಲ, ನಾವೇ ಮೊದಲು ಹೋಗಬೇಕು.

ಹಾಗಾಗಿ ಈ ಸಲ ಹಳೆ ಮನೆಗಳ ಮಾರಾಟದ ಮಾತು ಕಿವಿಗೆ ಬಿದ್ದ ವಾರವೇ ಟೇಪ್ ಹಿಡಿದೆ. ಗವಿಮಠದ ಜಾತ್ರೆ ಆಗಷ್ಟೇ ಮುಗಿದಿತ್ತು. ಸೈಟಿನ ಮೂಲೆಯಿಂದ ಪ್ರತಿ ಮರಕ್ಕೆ ಎಷ್ಟು ಅಡಿ, ಎದೆಮಟ್ಟದಲ್ಲಿ ಸುತ್ತಳತೆ ಎಷ್ಟು, ಕಂಬ ಎಲ್ಲಿ, ಒಳಚರಂಡಿ ಚೇಂಬರ್ ಎಲ್ಲಿ, ಎಲ್ಲ ಬರೆದುಕೊಂಡು ಪರಿಚಯದ ಹುಡುಗನಿಂದ ಅಳತೆಗೆ ಸರಿಯಾಗಿ ಚಿತ್ರ ಮಾಡಿಸಿದೆ. ಅದನ್ನೇ ಮೂರು ಕಡೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಂಡೆ: ನಗರಸಭೆ, ಮರ ಕಡಿಯಲು ಅನುಮತಿ ಕೊಡುವ ವೃಕ್ಷಾಧಿಕಾರಿ, ಲೈಸನ್ಸ್ ಫೈಲ್ ಹೋಗುವ ಟೇಬಲ್. ಯಾವ ಟೇಬಲ್‌ಗೆ ಮೊದಲು, ಯಾವ ವಾರದಲ್ಲಿ ಕೊಡಬೇಕು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮುಂದಿನ ಸಲ ನಡೆಯುವುದಿಲ್ಲ.

ನಾಲ್ಕನೆಯ ಪ್ರತಿ ಬಿಲ್ಡರ್‌ಗೆ. ಇದನ್ನು ಎಲ್ಲರೂ ಬೇಡ ಅಂದರು. ನಾನು ಜಗಳಕ್ಕೆ ಹೋಗಲಿಲ್ಲ, ಗೇಟ್ ಎಲ್ಲಿ ಬರಬಹುದು ಅಂತ ಬರೆದುಕೊಂಡು ಹೋದೆ. ಐದನೆಯ ಮತ್ತು ಆರನೆಯ ಬೇವಿನ ನಡುವೆ 19 ಅಡಿ ಇದೆ, ಗೇಟ್‌ಗೆ 12 ಸಾಕಲ್ವಾ? ಎರಡು ಗೇಟ್ ಬದಲು ಒಂದೇ ಇಟ್ಟರೆ ಮೂರು ಮರ ಉಳಿಯುತ್ತವೆ. "ಅಣ್ಣಾರ, ರ‍್ಯಾಂಪ್ ತಿರುಗಿಸಿದ್ರ ಖರ್ಚು ಬರ್ತದ್ರಿ" ಅಂದರು. ಸುಮಾರು 25 ಸಾವಿರ ಅಂತ ಅವರ ಲೆಕ್ಕ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಎರಡೂವರೆಗೆ ಅವರನ್ನೇ ನಿಲ್ಲಿಸಿಕೊಂಡು ಟಾರಿಗೆ ಥರ್ಮಾಮೀಟರ್ ಹಿಡಿದೆ. ಬಿಸಿಲಲ್ಲಿ 58 ಡಿಗ್ರಿ ಆಸುಪಾಸು, ಬೇವಿನ ಕೆಳಗೆ 39 ಅಥವಾ 40. ಫ್ಲಾಟ್ ನೋಡಲು ಬರುವವರು ಕಾರು ಎಲ್ಲಿ ನಿಲ್ಲಿಸುತ್ತಾರೆ ಅಂತಷ್ಟೇ ಕೇಳಿದೆ. ಹತ್ತು ದಿನ ಬಿಟ್ಟು ಹೊಸ ನಕ್ಷೆ ಬಂತು, 14 ಮರಕ್ಕೂ ಅದರಲ್ಲಿ ಹಸಿರು ಸುತ್ತು. ಇಷ್ಟಕ್ಕೆ ನನ್ನ ಖರ್ಚು ಮೂರೂವರೆ ಸಾವಿರ ಇರಬೇಕು.

ಒಂದು ಹೋಯಿತು, ಅದನ್ನೂ ಹೇಳಬೇಕು. ಕೆಲಸ ನಡೆಯುವಾಗ ಯಾರೋ ರಾತ್ರಿ ಎರಡು ಮರದ ತೊಗಟೆ ಕೆತ್ತಿದ್ದರು. ಹೊಂಗೆಗೆ ಸುತ್ತಲೂ ಕೆತ್ತಿದ್ದರಿಂದ ಬೇರಿಗೆ ಆಹಾರ ಇಳಿಯಲಿಲ್ಲ, ಐದಾರು ತಿಂಗಳಲ್ಲಿ ಹೋಯಿತು. ಬೇವಿಗೆ ಅರ್ಧ ಸುತ್ತು ಮಾತ್ರ ಕೆತ್ತಿದ್ದರು. ಅದಕ್ಕೆ ದಾಳಿಂಬೆ ತೋಟದವರು ಹಚ್ಚುವ ಬೋರ್ಡೋ ಮುಲಾಮು ಹಚ್ಚಿದೆ, ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು 10 ಲೀಟರ್. ಗಾಯದ ಅಂಚಿನಿಂದ ಹೊಸ ತೊಗಟೆ ಬರುತ್ತಿದೆ. ಮುಲಾಮಿನಿಂದಲೋ ಮರದ ಶಕ್ತಿಯಿಂದಲೋ, ನನಗೆ ಮರ ಇದ್ದರೆ ಸಾಕು.

ಚರಂಡಿ ಅಗೆಯುವಾಗ ಬುಡದಿಂದ ಐದಡಿ ಒಳಗೆ ಜೇಸಿಬಿ ಬಿಡಲಿಲ್ಲ, ಕೈಯಲ್ಲೇ ಅಗೆಸಿದೆವು. ಎರಡು ದಿನದ ಕೂಲಿ ಓಣಿಯವರೇ ಕೊಟ್ಟರು. ಬುಡಕ್ಕೆ ಕಾಂಕ್ರೀಟ್ ಸುರಿಯಲು ಬಂದಾಗ, 2013ರಲ್ಲಿ ಹಸಿರು ನ್ಯಾಯಮಂಡಳಿ ದೆಹಲಿಯಲ್ಲಿ ಮರದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಸಿದ ಆದೇಶದ ಪ್ರತಿ ತೋರಿಸಿದೆ. ಆದೇಶ ದೆಹಲಿಯದು, ಆದರೂ ಮೇಸ್ತ್ರಿ ಒಪ್ಪಿ ಬುಡಕ್ಕೆ ಮಣ್ಣು ಬಿಟ್ಟ.

ಪಕ್ಕದ ಮನೆಯವರ ತಂಗಿಯ ಓಣಿಯಲ್ಲಿ ಆರು ಹೊಂಗೆ, ಒಂದು ಮಳೆಮರ ಇವೆ. ಸೈಟ್ ಇನ್ನೂ ಮಾರಾಟ ಆಗಿಲ್ಲ. ಈ ಭಾನುವಾರ ಬೆಳಿಗ್ಗೆ ಟೇಪ್ ತೆಗೆದುಕೊಂಡು ಹೋಗುತ್ತಿದ್ದೇವೆ.