ಕುಲುಮೆಯ ಬಿಸಿ ಗಾಳಿಪಾಲಾಗದಿರಲಿ

ಮೂಟೆ ಕಲ್ಲಿದ್ದಲು ಸುರಿದರೂ ಕತ್ತಿ ಕೆಂಪಾಗುತ್ತಿಲ್ಲವೇ? ಬ್ಲೋವರ್ ಜೋರು ಮಾಡುವ ಮುಂಚೆ ಒಲೆಯ ಗುಂಡಿಯನ್ನೊಮ್ಮೆ ನೋಡಿ.

ಮೊದಲು ಕಿಟ್ಟ ತೆಗೆಯಿರಿ. ಕಲ್ಲಿದ್ದಲಿನ ಬೂದಿ ಕರಗಿ ಉಂಡೆಗಟ್ಟಿದ್ದೇ ಕಿಟ್ಟ. ಗಾಳಿ ಬರುವ ತೂತಿನ ಮೇಲೆಯೇ ಕೂತು ದಾರಿ ಕಟ್ಟುತ್ತದೆ. ಬೆಂಕಿಯ ನಡುವೆ ಮಂಕಾದ ಜಾಗ ಕಂಡರೆ ಅದರದ್ದೇ ಕೆಲಸ. ಗಾಳಿ ನಿಲ್ಲಿಸಿ ಎರಡು ನಿಮಿಷ ಬಿಡಿ. ಗಟ್ಟಿಯಾದ ಮೇಲೆ ಕೊಕ್ಕೆ ಹಾಕಿ ಇಡಿಯಾಗಿ ಎತ್ತಬಹುದು.

ಗುಂಡಿ ಅಗಲವಾಗಿದ್ದರೆ ಫೈರ್ ಕ್ಲೇ, ಅಂದರೆ ಬೆಂಕಿ ತಾಳುವ ಮಣ್ಣು, ಮೆತ್ತಿ ಕಿರಿದು ಮಾಡಿ. ಒಡೆದ ಹಂಚು ಇಟ್ಟರಾಯಿತಲ್ವಾ ಎನ್ನಬೇಡಿ. ಬಾಸೆಲ್ ಮಿಷನ್ 1865ರಲ್ಲೇ ಹಂಚಿನ ಕಾರ್ಖಾನೆ ಹಾಕಿದ ಊರು ಮಂಗಳೂರು, ಇಲ್ಲಿ ಹಂಚಿಗೆ ಬರವಿಲ್ಲ ನಿಜ. ಆದರೆ ಅದು ಮಳೆಗೆ ಮಾಡಿದ್ದು, ಕುಲುಮೆಯಲ್ಲಿ ಬಿರಿಯುತ್ತದೆ. ಮೆತ್ತಿದ ಮಣ್ಣು ಪೂರ್ತಿ ಒಣಗಲಿ. ಹಸಿಯಿರುವಾಗ ಬೆಂಕಿ ಹಾಕಿದರೆ ಒಳಗಿನ ನೀರು ಆವಿಯಾಗಿ ಚೂರು ಸಿಡಿಯುತ್ತದೆ.

ಇನ್ನು ಬೆಂಕಿ. ಅದು ಅಗಲ ಬೇಡ, ಆಳ ಬೇಕು. ಕಲ್ಲಿದ್ದಲನ್ನು ಅಡಿಕೆ ಗಾತ್ರಕ್ಕೆ ಒಡೆಯಿರಿ, ಪುಡಿ ಬೇಡ. ತೂತಿನ ಮೇಲೆ 4ರಿಂದ 6 ಇಂಚು ಕೆಂಡ, ಅದರ ಮೇಲೆ ಕಬ್ಬಿಣ ಅಡ್ಡಲಾಗಿ, ಕಬ್ಬಿಣದ ಮೇಲೂ ಒಂದೆರಡು ಇಂಚು ಕೆಂಡ. ತುದಿಯನ್ನು ಕೆಳಕ್ಕೆ ಚುಚ್ಚಬೇಡಿ. ತೂತಿನ ಹತ್ತಿರ ಉರಿಯದೆ ಉಳಿದ ಆಮ್ಲಜನಕ ಜಾಸ್ತಿ, ಕಬ್ಬಿಣ ಚಕ್ಕೆ ಏಳುತ್ತದೆ. ಒಮ್ಮೆ ನಾನು ಸುಮ್ನೆ ಬ್ಲೋವರ್ ಪೂರ್ತಿ ಬಿಟ್ಟು ಚಹಾ ಕುಡಿಯಲು ಹೋಗಿದ್ದೆ. ಬಂದು ನೋಡಿದರೆ ಕತ್ತಿಯ ತುದಿ ನಕ್ಷತ್ರಕಡ್ಡಿಯ ಹಾಗೆ ಕಿಡಿ ಉಗುಳುತ್ತಿತ್ತು. ಎರಡು ಇಂಚು ಕಬ್ಬಿಣ ಹೋಯಿತು. ಬಿಸಿ ಕಡಿಮೆಯಿತ್ತು ಎಂದು ಅವತ್ತು ಹೇಳುವಂತಿರಲಿಲ್ಲ!

ಅಡಿಗಲ್ಲಿನ ಮೇಲೆ ಬಡಿಯುವಾಗ ಗಾಳಿ ತಗ್ಗಿಸಿ. ಪೈಪಿಗೆ ಜಾರುವ ತಗಡಿನ ಮುಚ್ಚಳ ಹಾಕಿಸಿದರೆ ಕೈಯಲ್ಲೇ ಹದ ಸಿಗುತ್ತದೆ.

ಮಳೆಗಾಲದಲ್ಲಿ ಕಲ್ಲಿದ್ದಲು ನೆನೆಯುವುದೇ ನಮ್ಮ ಕಡೆಯ ದೊಡ್ಡ ತಲೆನೋವು. ಕುದಿಯುವ ಒಂದು ಲೀಟರ್ ನೀರು ಆವಿಯಾಗಲು ಸುಮಾರು 540 ಕಿಲೊಕ್ಯಾಲರಿ ಬಿಸಿ ನುಂಗುತ್ತದೆ. ಹಾಗಾಗಿ ನೆನೆದದ್ದನ್ನು ನೇರ ಬೆಂಕಿಯ ಹೊಟ್ಟೆಗೆ ಹಾಕಬೇಡಿ. ಅಂಚಿನಲ್ಲಿ ಸುತ್ತ ಪೇರಿಸಿ. ಅಂಚಿಗೆ ಆ ತೇವ ಬೇಕೇ ಬೇಕು, ಬೆಂಕಿ ಹರಡದಂತೆ ತಡೆಯುವುದು ಅದೇ. ಬೇಸಿಗೆಯಲ್ಲಿ ನಾವೇ ನೀರು ಚಿಮುಕಿಸುತ್ತೇವೆ. ಅಲ್ಲಿ ಹೊಗೆ ಬಿಟ್ಟು ಹಗುರಾಗಿ ಕೋಕ್ ಆದದ್ದನ್ನು ಸ್ವಲ್ಪ ಸ್ವಲ್ಪವೇ ಒಳಕ್ಕೆ ನೂಕುತ್ತಾ ಹೋಗಿ.

ಎರಚಲು ಹೊಡೆಯುತ್ತದೆ ಎಂದು ಬಾಗಿಲು, ಕಿಟಕಿ ಮುಚ್ಚಬೇಡಿ. ಕೆಂಡದಿಂದ ಬರುವ ವಿಷಗಾಳಿ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಒಳಗೆ ತುಂಬಿದರೂ ಗೊತ್ತಾಗುವುದಿಲ್ಲ.

ಸಂಜೆ ಕೆಂಡ ಬಿಡಿಸಿ ಹರಡಿ ಆರಿಸಿ. ಉಳಿದ ಕೋಕ್ ನಾಳೆಗಾಯಿತು. ಅದು ಬೇಗ ಹೊತ್ತುವುದಿಲ್ಲ, ಅದರ ಅಡಿಯಲ್ಲಿ ನಾಲ್ಕು ಒಣ ಗೆರಟೆ ಚೂರು ಇಡಿ.