ಗತ್ತಿನ ಗಾಡಿ, ಘಾಟಿಯ ಗಾಡಿ

ಬೆಟ್ಟದ ದಾರಿಗೆ ತಕ್ಕ ಗಾಡಿಯೊಂದನ್ನು ಹುಡುಕುತ್ತಿದ್ದೇನೆ ಎಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಅದು ಅರ್ಧ ನಿಜ. ಪೆಟ್ಟಿಗೆಯಂಥ ಮೈ, ಎತ್ತರದ ಗಾಲಿ, ಬೆನ್ನಿನ ಮೇಲೆ ಸ್ಟೆಪ್ನಿ ಹೊತ್ತ ಗಾಡಿಯೊಂದರಿಂದ ಕೆಸರು ಮೆತ್ತಿದ ಬೂಟಿನಲ್ಲಿ ಇಳಿಯುವ ಮನುಷ್ಯನಾಗಿ ನನ್ನನ್ನು ನಾನೇ ಕಲ್ಪಿಸಿಕೊಂಡು ಖುಷಿಪಡುತ್ತಿದ್ದೆ ಎಂಬುದು ಉಳಿದರ್ಧ. ಈ ಉಳಿದರ್ಧವನ್ನು ನನಗೆ ನಾನೇ ಒಪ್ಪಿಕೊಳ್ಳದೆ ಇದ್ದುದರಿಂದ ಮೊದಲ ಆಯ್ಕೆ ಕೆಟ್ಟಿತು. ಒಪ್ಪಿಕೊಂಡ ಮೇಲೆ ಎರಡನೆಯದು ಸರಿಹೋಯಿತು.

ಮೊದಲು ಕೊಂಡದ್ದು ನೋಡಲು ಗಟ್ಟಿಮುಟ್ಟಾಗಿದ್ದ, ಗಾಲಿಗಳ ಸುತ್ತ ದಪ್ಪನೆಯ ಕಪ್ಪು ಪ್ಲಾಸ್ಟಿಕ್ ಅಂಚಿದ್ದ, ಮುಂದಿನ ಗಾಲಿಗಳಿಂದಷ್ಟೇ ಚಲಿಸುವ ಗಾಡಿ. ಅದರ ಮೇಲೆ ನಾನು ತಪ್ಪು ಹೊರಿಸಲಾರೆ, ಏಕೆಂದರೆ ಅದು ತಾನು ಏನು ಎಂಬುದನ್ನು ಕೈಪಿಡಿಯಲ್ಲಿ ಸ್ಪಷ್ಟವಾಗಿಯೇ ಹೇಳಿಕೊಂಡಿತ್ತು. ಮಳೆ ನಿಂತ ಮರುದಿನ ಡಾಂಬರಿಲ್ಲದ ಕಡಿದಾದ ಏರೊಂದರಲ್ಲಿ ಮುಂದಿನ ಎರಡೂ ಗಾಲಿಗಳು ಇದ್ದಲ್ಲೇ ಸುತ್ತತೊಡಗಿದವು. ಏರು ಹತ್ತುವಾಗ ಗಾಡಿಯ ಭಾರ ಹಿಂದಿನ ಗಾಲಿಗಳ ಕಡೆಗೆ ಸರಿಯುತ್ತದೆ. ಎಳೆಯಬೇಕಾದ ಮುಂದಿನ ಗಾಲಿಗಳು ಸರಿಯಾಗಿ ಅದೇ ಹೊತ್ತಿಗೆ ಹಗುರಾಗಿ ಹಿಡಿತ ಕಳೆದುಕೊಳ್ಳುತ್ತವೆ. ಇದು ನನಗೆ ತಿಳಿದದ್ದು ಆ ದಾರಿಯಲ್ಲಿ ಅರ್ಧ ಕಿಲೋಮೀಟರ್ ದೂರ, ಒಂದು ಬದಿಯ ಪ್ರಪಾತವನ್ನು ಕನ್ನಡಿಯಲ್ಲಿ ನೋಡುತ್ತ, ರಿವರ್ಸ್ ಗೇರಿನಲ್ಲಿ ಇಳಿದು ಬಂದ ಮೇಲೆ.

ಎರಡನೆಯ ಬಾರಿ ಹುಡುಕಲು ಕುಳಿತಾಗ ಒಂದು ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ ‘ಗತ್ತು’ ಎಂದೂ ಬಲಕ್ಕೆ ‘ಘಾಟಿ’ ಎಂದೂ ಬರೆದೆ. ಗಾಡಿಯ ಯಾವ ಗುಣ ನನಗೆ ಕೇವಲ ನೋಟಕ್ಕೆ ಬೇಕು, ಯಾವುದು ದಾರಿಗೆ ಬೇಕು ಎಂಬುದನ್ನು ನಾಚಿಕೆಯಿಲ್ಲದೆ ವಿಂಗಡಿಸುವುದು ಉದ್ದೇಶ. ಬರೆಯುತ್ತ ಹೋದಂತೆ ನಾನು ನಿರೀಕ್ಷಿಸದೆ ಇದ್ದ ಒಂದು ಸಂಗತಿ ಕಂಡಿತು: ಎಡಗಡೆ ಬರೆದ ಹಲವು ಗುಣಗಳು ಬಲಗಡೆಗೂ ಸಲ್ಲುತ್ತಿದ್ದವು.

ಇದು ಆಕಸ್ಮಿಕವಲ್ಲ. ನಾವು ಇಂದು ‘ಒರಟು ಗಾಡಿ’ ಎಂದು ಗುರುತಿಸುವ ರೂಪ ಕೆಲಸದಿಂದಲೇ ಹುಟ್ಟಿದ್ದು. 1941ರಿಂದ ಎರಡನೆಯ ಮಹಾಯುದ್ಧಕ್ಕಾಗಿ ಸಾವಿರಗಟ್ಟಲೆ ತಯಾರಾದ ಜೀಪಿಗೆ ಚಪ್ಪಟೆ ಮಡ್‌ಗಾರ್ಡು, ನೆಟ್ಟಗೆ ನಿಂತ ಗಾಜು ಬಂದದ್ದು ಚೆಂದಕ್ಕಾಗಿ ಅಲ್ಲ. ಬೇಗ ತಯಾರಿಸಲು, ಸುಲಭವಾಗಿ ರಿಪೇರಿ ಮಾಡಲು. 1948ರಲ್ಲಿ ಬಂದ ಲ್ಯಾಂಡ್ ರೋವರ್‌ನ ಮೈಗೆ ಅಲ್ಯೂಮಿನಿಯಂ ಮಿಶ್ರಲೋಹ ಬಳಸಿದ್ದು ಯುದ್ಧಾನಂತರ ಉಕ್ಕಿನ ಅಭಾವವಿದ್ದುದರಿಂದ. ಆ ರೂಪದ ಪ್ರಯೋಜನ ಇಂದಿಗೂ ಉಳಿದಿದೆ. ಚಪ್ಪಟೆಯಾದ, ಎರಡು ಮೂಲೆಗಳೂ ಕಾಣುವ ಬಾನೆಟ್ ಇದ್ದರೆ ಪ್ರಪಾತದ ಅಂಚಿನಿಂದ ಮುಂದಿನ ಗಾಲಿ ಎಷ್ಟು ದೂರವಿದೆ ಎಂಬುದು ಕುಳಿತಲ್ಲಿಂದಲೇ ಅಂದಾಜಿಗೆ ಸಿಗುತ್ತದೆ. ನೆಟ್ಟಗಿನ ಗಾಜಿನ ಪಕ್ಕದ ಕಂಬ ತೆಳ್ಳಗಿದ್ದರೆ ಹೇರ್‌ಪಿನ್ ತಿರುವಿನಲ್ಲಿ ಎದುರಿನಿಂದ ಬರುವ ಬಸ್ಸು ಅದರ ಮರೆಗೆ ಹೋಗುವುದಿಲ್ಲ. ಮುಂದಿನ ಗಾಲಿಗಿಂತ ಹೆಚ್ಚು ಚಾಚಿಕೊಳ್ಳದ ಮೂತಿ ಕಲ್ಲಿನ ಮೆಟ್ಟಿಲಿಗೆ ತಗುಲುವುದಿಲ್ಲ. ಇವನ್ನೆಲ್ಲ ನಾನು ಮೊದಲು ‘ಗತ್ತು’ ಎಂಬ ಕಡೆಗೇ ಬರೆದಿದ್ದೆ.

ಬಲಕ್ಕೆ ದಾಟದೆ ಎಡಗಡೆಯಲ್ಲೇ ಉಳಿದವು ಬೇರೆ. ಪ್ಲಾಸ್ಟಿಕ್ ಅಂಚು, ಕಲ್ಲಿನಿಂದ ತಳವನ್ನು ಕಾಯುವಂತೆ ತೋರುವ, ಬೆಳ್ಳಿ ಬಣ್ಣ ಬಳಿದ ನಕಲಿ ತಳತಟ್ಟೆ, ಅಗಲವಾದ ಕಡಿಮೆ ಎತ್ತರದ ಟೈರು ತೊಡಿಸಿದ ದೊಡ್ಡ ಅಲಾಯ್ ಗಾಲಿ. ಇವುಗಳಲ್ಲಿ ಕೊನೆಯದಂತೂ ಕೆಟ್ಟ ದಾರಿಯ ಶತ್ರು. ಟೈರಿನ ಗೋಡೆ ಗಿಡ್ಡವಾದಷ್ಟೂ ಗುಂಡಿಯ ಪೆಟ್ಟು ನೇರವಾಗಿ ರಿಮ್ಮಿಗೆ ಬೀಳುತ್ತದೆ.

ಬಲಗಡೆಯಲ್ಲಿ ನಾನು ಮೊದಲು ಬರೆದದ್ದು ‘ಎಂಜಿನ್ ಶಕ್ತಿ’ ಎಂದು. ಹಲವು ವರ್ಷ ಬೆಟ್ಟದ ದಾರಿಯಲ್ಲಿ ಲಾರಿ ಓಡಿಸಿದ್ದ ಹಿರಿಯರೊಬ್ಬರು ಆ ಹಾಳೆಯನ್ನು ನೋಡಿ, “ಹತ್ತೋದನ್ನ ಆಮೇಲೆ ನೋಡಿ ಸಾರ್, ಮೊದಲು ಇಳಿಯೋದನ್ನ ನೋಡಿ. ಹತ್ತಲಾರದ ಗಾಡಿ ನಿಂತ್ಕೊಳ್ಳುತ್ತೆ, ಇಳಿಯಲಾರದ ಗಾಡಿ ನಿಲ್ಲಲ್ಲ” ಎಂದರು. ಅಂದಿನಿಂದ ನನ್ನ ಲೆಕ್ಕವೇ ಬದಲಾಯಿತು. ಜನರೂ ಸಾಮಾನೂ ಸೇರಿ 2,400 ಕಿಲೋಗ್ರಾಂ ತೂಗುವ ಗಾಡಿ 1,000 ಮೀಟರ್ ಎತ್ತರದಿಂದ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 2.35 ಕೋಟಿ ಜೌಲ್. 20 ಡಿಗ್ರಿಯಲ್ಲಿರುವ 70 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಅದು ಸಾಕು. ಅದೇ ಇಳಿಜಾರಿನಲ್ಲಿ 1,300 ಕಿಲೋಗ್ರಾಂ ತೂಕದ ಗಾಡಿಯ ಪಾಲು 38 ಲೀಟರ್. ಗಾಳಿಯ ತಡೆ, ಟೈರಿನ ತಿಕ್ಕಾಟಗಳಲ್ಲಿ ಒಂದಿಷ್ಟು ಕಳೆದುಹೋದರೂ ಉಳಿದದ್ದನ್ನು ಎಂಜಿನ್ ಹೊರದಿದ್ದರೆ ಬ್ರೇಕು ಹೊರಬೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 4 ದರ್ಜೆಯ ಹೊಸ ಆಯಿಲ್ ಕುದಿಯುವ ಕನಿಷ್ಠ ಮಟ್ಟ 230 ಡಿಗ್ರಿ ಇದ್ದರೆ, ತೇವ ಸೇರಿದ ಹಳೆಯದಕ್ಕೆ ಆ ಮಿತಿ 155ಕ್ಕೆ ಇಳಿಯುತ್ತದೆ. ಆಯಿಲ್ ಕುದಿದು ನಾಳದಲ್ಲಿ ಆವಿ ತುಂಬಿದರೆ ಪೆಡಲು ಮೆತ್ತಗೆ ನೆಲಕ್ಕೆ ತಾಗುತ್ತದೆ, ಗಾಡಿ ಮಾತ್ರ ಹೋಗುತ್ತಲೇ ಇರುತ್ತದೆ.

ಆದ್ದರಿಂದ ನೋಡಿದ ಪ್ರತಿ ಗಾಡಿಯಲ್ಲೂ ನಾನು ಕೇಳಿದ ಮೊದಲ ಪ್ರಶ್ನೆ ಎಷ್ಟು ಕುದುರೆ ಶಕ್ತಿ ಎಂದಲ್ಲ. ಒಂದನೇ ಮತ್ತು ಎರಡನೇ ಗೇರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಳಿಜಾರಿನಲ್ಲಿ ಅದರ ವೇಗ ಎಷ್ಟಕ್ಕೆ ಸ್ಥಿರವಾಗುತ್ತದೆ ಎಂದು. ಇಲ್ಲಿಯೇ ಲೋ ರೇಂಜ್ ಗೇರಿನ, ಅಂದರೆ ಎಲ್ಲ ಗೇರುಗಳನ್ನೂ ಇನ್ನಷ್ಟು ನಿಧಾನವೂ ಬಲವುಳ್ಳವೂ ಆಗಿಸುವ ಹೆಚ್ಚುವರಿ ಗೇರಿನ, ಬೆಲೆ ಅರ್ಥವಾದದ್ದು. ಅದು ಕೆಸರಿನಿಂದ ಮೇಲೇಳಲು ಎಂದಷ್ಟೇ ನಾನು ತಿಳಿದಿದ್ದೆ. ಕಡಿದಾದ ಮಣ್ಣಿನ ಇಳಿಜಾರಿನಲ್ಲಿ ಅದನ್ನು ಹಾಕಿ ಒಂದನೇ ಗೇರಿನಲ್ಲಿ ಬಿಟ್ಟರೆ ಎಂಜಿನ್ನೇ ನಾಲ್ಕೂ ಗಾಲಿಗಳನ್ನು ಹಿಡಿದು, ನಡೆಯುವ ಮನುಷ್ಯನ ವೇಗದಲ್ಲಿ ಗಾಡಿಯನ್ನು ಇಳಿಸುತ್ತದೆ. ಬ್ರೇಕಿನ ಮೇಲೆ ಕಾಲಿಡಬೇಕಾದದ್ದು ಅಪರೂಪ.

ಫೋರ್ ವೀಲ್ ಡ್ರೈವ್ ಬಗ್ಗೆ ನನಗಿದ್ದ ಮೂಢನಂಬಿಕೆಗಳನ್ನೂ ಇಲ್ಲಿ ಹೇಳಿಬಿಡಬೇಕು. ನಾಲ್ಕೂ ಗಾಲಿಗಳು ಎಳೆಯುತ್ತವೆ ಎಂದ ಮಾತ್ರಕ್ಕೆ ಬ್ರೇಕ್ ಒತ್ತಿದಾಗ ಗಾಡಿ ಬೇಗ ನಿಲ್ಲುವುದಿಲ್ಲ. ನಿಲ್ಲಿಸುವುದು ಟೈರಿನ ಹಿಡಿತ. ಮುಂದಿನ, ಹಿಂದಿನ ಗಾಲಿಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ನಡುವೆ ಇಲ್ಲದ, ಬೇಕೆಂದಾಗ ಮಾತ್ರ ನಾಲ್ಕು ಗಾಲಿಗೆ ಬದಲಿಸಿಕೊಳ್ಳುವ ವ್ಯವಸ್ಥೆಯನ್ನು ಒಣ ಡಾಂಬರಿನ ತಿರುವುಗಳಲ್ಲಿ ಬಳಸಲೇಬಾರದು. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಉರುಳಬೇಕು. ಆ ವ್ಯತ್ಯಾಸಕ್ಕೆ ಎಡೆಯಿಲ್ಲದಿದ್ದರೆ ಗಾಡಿ ಬಿಗಿದುಕೊಂಡು, ಯಾರೋ ಹಿಂದಿನಿಂದ ಹಿಡಿದಂತೆ ಒದ್ದಾಡುತ್ತದೆ. ಹಾಗೆಯೇ ಮೈಯ ಕೆಳಗೆ ಏಣಿಯಂಥ ಪ್ರತ್ಯೇಕ ಚೌಕಟ್ಟು, ಅಂದರೆ ಷಾಸಿ, ಇದ್ದರೆ ಮಾತ್ರ ಗಾಡಿ ಗಟ್ಟಿ ಎಂಬ ಮಾತನ್ನೂ ನಾನು ಕಣ್ಣುಮುಚ್ಚಿ ನಂಬಿದ್ದೆ. 1977ರಿಂದ ತಯಾರಾಗುತ್ತಿರುವ ಲಾಡಾ ನೀವಾಕ್ಕೆ ಬೇರೆ ಷಾಸಿಯೇ ಇಲ್ಲ, ಮೈಯೇ ಅದರ ಅಸ್ಥಿಪಂಜರ. ಕಾಯಂ ನಾಲ್ಕು ಗಾಲಿಯ ಎಳೆತ, ಲೋ ರೇಂಜ್, ನಡುವಿನ ಡಿಫರೆನ್ಷಿಯಲ್‌ಗೆ ಬೀಗ ಎಲ್ಲವೂ ಇರುವ ಅದನ್ನು ಹಗುರವಾಗಿ ಕಾಣುವವರು ಕಡಿಮೆ.

ಇಷ್ಟು ತಿಳಿದ ಮೇಲೆ ನಾಲ್ಕು ಬಗೆಯ ಗಾಡಿಗಳನ್ನು ಒಂದೊಂದಾಗಿ ಎರಡು ದಿನದ ಬಾಡಿಗೆಗೆ ಪಡೆದು, ಒಂದೇ ಘಾಟಿಯಲ್ಲಿ ಹತ್ತಿಸಿ ಇಳಿಸಿದೆ. ಶೋರೂಮಿನವರು ಕೊಡುವ ಹತ್ತು ನಿಮಿಷದ ಸವಾರಿಯಲ್ಲಿ ಬೆಟ್ಟದ ಗಾಡಿ ಏನೆಂದು ತಿಳಿಯುವುದಿಲ್ಲ.

ಮೊದಲನೆಯದು ಏಳು ಜನ ಕೂರುವ, ಎರಡು ಟನ್ನಿಗೂ ಹೆಚ್ಚು ತೂಗುವ ದೊಡ್ಡ ಗಾಡಿ. ಗತ್ತಿನ ಕಡೆಯಿಂದ ನೋಡಿದರೆ ಅದಕ್ಕೆ ನೂರಕ್ಕೆ ನೂರು ಅಂಕ. ಗಾಳಿಯನ್ನು ಒತ್ತಿ ಒಳಗೆ ತುಂಬಿಸುವ ಟರ್ಬೊ ಇದ್ದ ಎಂಜಿನ್ ಎತ್ತರದಲ್ಲೂ ದಣಿಯಲಿಲ್ಲ. ಆದರೆ ಬಿಗಿಯಾದ ಹೇರ್‌ಪಿನ್‌ಗಳಲ್ಲಿ ಒಂದೇ ಸುತ್ತಿಗೆ ತಿರುಗದೆ, ಅರ್ಧದಲ್ಲಿ ನಿಂತು ಹಿಂದಕ್ಕೆ ಸರಿದು ಮತ್ತೆ ಮುಂದಕ್ಕೆ ಹೋಗಬೇಕಾಯಿತು. ಎದುರಿನಿಂದ ಲಾರಿ ಬಂದಾಗಲೆಲ್ಲ ಅಂಚಿನ ಕಡೆಗೆ ಸರಿಯಬೇಕಾದವನು ನಾನೇ, ಮತ್ತು ಸರಿಯಲು ಉಳಿದಿದ್ದ ಜಾಗ ಒಂದೆರಡು ಗೇಣು. ಎರಡನೆಯದು ಪಿಕಪ್. ಹಿಂದೆ ಭಾರವಿಲ್ಲದಾಗ ಅದರ ಹಿಂಭಾಗ ಉಬ್ಬುತಗ್ಗಿನ ತಿರುವುಗಳಲ್ಲಿ ಕುಪ್ಪಳಿಸಿ ಪಕ್ಕಕ್ಕೆ ಸರಿಯುತ್ತಿತ್ತು. ಮೂರು ಮೀಟರ್ ಮೀರಿದ ಗಾಲಿಯಂತರದಿಂದ (ಮುಂದಿನ, ಹಿಂದಿನ ಗಾಲಿಗಳ ನಡುವಿನ ದೂರ) ಹೊಟ್ಟೆ ದಿಬ್ಬಕ್ಕೆ ತಾಗುತ್ತಿತ್ತು. ಮೂರನೆಯದು ನಾಲ್ಕೂ ಗಾಲಿ ಎಳೆಯುವ, ಕಾರಿನಂತೆಯೇ ನಯವಾಗಿ ಓಡುವ ಕ್ರಾಸೋವರ್. ನೂರರಲ್ಲಿ ತೊಂಬತ್ತು ಪಾಲು ಡಾಂಬರಿನ ಮೇಲೆಯೇ ಓಡಾಡುವವರಿಗೆ ಅದೇ ಸರಿಯಾದ ಆಯ್ಕೆ ಎಂದು ನನಗೆ ಆಗಲೇ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಅದನ್ನು ನಾನು ಬಿಟ್ಟದ್ದು ಲೋ ರೇಂಜ್ ಇಲ್ಲವೆಂದು. ಇನ್ನೂ ನಿಜ ಹೇಳಬೇಕೆಂದರೆ, ಅದರ ಪಕ್ಕದಲ್ಲಿ ನಿಂತರೆ ನಾನು ಕಲ್ಪಿಸಿಕೊಂಡಿದ್ದ ಆ ಮನುಷ್ಯನಂತೆ ಕಾಣುತ್ತಿರಲಿಲ್ಲ.

ನಾಲ್ಕನೆಯದು 2018ರಲ್ಲಿ ಹೊಸ ರೂಪ ಪಡೆದ ಸುಜುಕಿ ಜಿಮ್ನಿಯ ಮೂರು ಬಾಗಿಲಿನ ಮಾದರಿ. ಇದನ್ನು ಪಟ್ಟಿಗೆ ಸೇರಿಸುವಾಗ ನನಗೆ ಹಿಂಜರಿಕೆಯಿತ್ತು. ಆಟಿಕೆಯಂತೆ ಕಾಣುತ್ತದೆ, ನನ್ನ ಎತ್ತರಕ್ಕೆ ಒಪ್ಪುವುದಿಲ್ಲ ಎಂಬ ಅಳುಕು. ಘಾಟಿಗೆ ತಂದಾಗ ಅದು ಎಲ್ಲ ಹೇರ್‌ಪಿನ್‌ಗಳನ್ನೂ ಒಂದೇ ಸುತ್ತಿಗೆ ತಿರುಗಿತು, ಏಕೆಂದರೆ ಅದರ ತಿರುಗುವ ತ್ರಿಜ್ಯ 4.9 ಮೀಟರ್ ಮಾತ್ರ. ಅಗಲ 1.645 ಮೀಟರ್, ನೆಲದಿಂದ ತಳಕ್ಕೆ 210 ಮಿ.ಮೀ. ಏಣಿ ಷಾಸಿ, ಲೋ ರೇಂಜ್, ಮುಂದೆಯೂ ಹಿಂದೆಯೂ ಎರಡು ಗಾಲಿಗಳನ್ನು ಒಂದೇ ದಂಡಕ್ಕೆ ಜೋಡಿಸುವ ಗಟ್ಟಿ ಆಕ್ಸಲ್. ದೊಡ್ಡ ಗಾಡಿಯಲ್ಲಿ ಉಸಿರು ಬಿಗಿಹಿಡಿದು ಲಾರಿಗೆ ದಾರಿ ಕೊಟ್ಟ ಜಾಗದಲ್ಲಿಯೇ ಇದರಲ್ಲಿ ಆರಾಮವಾಗಿ ಬದಿಗೆ ಸರಿದು ನಿಂತೆ.

ಇದೇ ಗಾಡಿಗೆ ಐದು ಬಾಗಿಲಿನ ಉದ್ದನೆಯ ರೂಪವೂ ಇದೆ. ಗಾಲಿಯಂತರ 2,250ರಿಂದ 2,590 ಮಿ.ಮೀ.ಗೆ ಬೆಳೆದದ್ದರಿಂದ, ದಿಬ್ಬದ ನೆತ್ತಿಯನ್ನು ಹೊಟ್ಟೆ ತಾಗದೆ ದಾಟಬಲ್ಲ ಕೋನ 28ರಿಂದ 24 ಡಿಗ್ರಿಗೆ, ತಿರುಗುವ ತ್ರಿಜ್ಯ 5.7 ಮೀಟರಿಗೆ ಬಂದಿವೆ. ಹಿಂದಿನ ಸೀಟಿನಲ್ಲಿ ಮನೆಯವರು ದಿನವೂ ಕೂರುವುದಾದರೆ ಅದನ್ನೇ ಕೊಳ್ಳಬೇಕು. ನಾವು ಹೆಚ್ಚಾಗಿ ಇಬ್ಬರೇ ಆದ್ದರಿಂದ ನಾನು ಗಿಡ್ಡದ್ದನ್ನು ಆರಿಸಿದೆ.

ಕೊರತೆಗಳನ್ನು ಮುಚ್ಚಿಡುವುದಿಲ್ಲ. ಒಂದೂವರೆ ಲೀಟರಿನ ಈ ಎಂಜಿನ್‌ಗೆ ಟರ್ಬೊ ಇಲ್ಲ. ಸಮುದ್ರಮಟ್ಟದಿಂದ 3,000 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸುಮಾರು ಕಾಲು ಭಾಗ ಕಡಿಮೆಯಿರುತ್ತದೆ; ಮೊದಲೇ ನೂರರ ಆಸುಪಾಸಿನಲ್ಲಿರುವ ಕುದುರೆ ಶಕ್ತಿಯಲ್ಲಿ ಆ ಪಾಲು ಹೋದರೆ, ಮೂರನೇ ಗೇರಿನಲ್ಲಿ ಏರಬೇಕಾದ ಕಡೆ ಎರಡಕ್ಕೆ ಇಳಿದು ಎಂಜಿನ್ ಚೀರುವುದನ್ನು ಸಹಿಸಿಕೊಳ್ಳಬೇಕು. ಹೆದ್ದಾರಿಯಲ್ಲಿ ಅಡ್ಡಗಾಳಿಗೆ ಗಾಡಿ ಹೊಯ್ದಾಡುತ್ತದೆ. ಹಿಂದಿನ ಸೀಟು ನೆಟ್ಟಗಿದ್ದರೆ ಸಾಮಾನಿಗೆ ಉಳಿಯುವುದು ಒಂದು ಕೈಚೀಲದ ಜಾಗ.

ಗತ್ತಿನ ಹಂಬಲ ಗಾಡಿ ಕೊಂಡ ಮೇಲೂ ಸುಮ್ಮನಿರಲಿಲ್ಲ. ಮೊದಲ ತಿಂಗಳಲ್ಲೇ ಮಾಡಿಗೆ ಕಬ್ಬಿಣದ ಕ್ಯಾರಿಯರ್ ಹಾಕಿಸಿ, ಅದರ ಮೇಲೆ ಎರಡು ಕ್ಯಾನು ನೀರು, ಗುದ್ದಲಿ, ಇನ್ನೊಂದು ಟೈರು ಕಟ್ಟಿಸಿದೆ. ಎತ್ತರದ ಕಿರಿದಾದ ಗಾಡಿಯ ನೆತ್ತಿಯ ಮೇಲೆ ಭಾರ ಹೇರಿದರೆ ಏನಾಗುತ್ತದೆ ಎಂಬುದು ಅಡ್ಡವಾಗಿ ಇಳಿಜಾರಾಗಿದ್ದ ಒಂದು ತಿರುವಿನಲ್ಲಿ, ಒಳಬದಿಯ ಹಿಂದಿನ ಗಾಲಿ ನೆಲ ಬಿಡುವ ಹಂತಕ್ಕೆ ಬಂದಾಗ ತಿಳಿಯಿತು. ಕ್ಯಾರಿಯರ್ ಅದೇ ವಾರ ಇಳಿಯಿತು. ಟೈರಿನಲ್ಲೂ ಹೀಗೆಯೇ: ಕೆಸರಿಗೆಂದು ಮಾಡಿದ ದಪ್ಪ ಗುಳ್ಳೆಯ ಟೈರು ನೋಡಲು ಭರ್ಜರಿ, ಆದರೆ ಒದ್ದೆ ಡಾಂಬರಿನಲ್ಲಿ ನಿಲ್ಲಲು ಹೆಚ್ಚು ದೂರ ತೆಗೆದುಕೊಳ್ಳುತ್ತದೆ, ದಾರಿಯುದ್ದಕ್ಕೂ ಗುಂಯ್‌ಗುಡುತ್ತದೆ. ನಾನು ಎರಡಕ್ಕೂ ಸಲ್ಲುವ ಆಲ್ ಟೆರೇನ್ ಟೈರು ಹಾಕಿಸಿದೆ, ಕಂಪನಿ ಕೊಟ್ಟ ಅಳತೆಯಲ್ಲೇ. ವ್ಯಾಸ ದೊಡ್ಡದಾದರೆ ಗೇರಿನ ಲೆಕ್ಕಾಚಾರವೆಲ್ಲ ತಪ್ಪಿ, ಮೊದಲೇ ಕಡಿಮೆಯಿರುವ ಎಳೆತ ಇನ್ನೂ ಕಡಿಮೆಯಾಗುತ್ತದೆ, ವೇಗದ ಮುಳ್ಳೂ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಪ್ರತಿ ಎರಡು ವರ್ಷಕ್ಕೆ ಬ್ರೇಕ್ ಆಯಿಲ್ ಬದಲಿಸುವುದನ್ನು ಮಾತ್ರ ತಪ್ಪಿಸುವುದಿಲ್ಲ.

ಈಚೆಗೆ ಅದೇ ಕಡಿದಾದ ಏರಿಗೆ ಮತ್ತೆ ಹೋಗಿದ್ದೆ, ಮಳೆಗಾಲದಲ್ಲಿಯೇ. ಲೋ ರೇಂಜ್, ಎರಡನೇ ಗೇರು; ಗಾಲಿ ಒಮ್ಮೆಯೂ ಜಾರಲಿಲ್ಲ. ಮೇಲೆ ತಲುಪಿ ಬಾಗಿಲು ತೆರೆದು ಇಳಿದೆ. ಬೂಟಿಗೆ ಕೆಸರು ಮೆತ್ತಿತ್ತು, ನೋಡುವವರು ಯಾರೂ ಇರಲಿಲ್ಲ. ಸ್ವಲ್ಪ ಹೊತ್ತು ಗಾಡಿಗೆ ಒರಗಿ ನಿಂತೆ, ಆಮೇಲೆ ಹತ್ತಿ ಒಂದನೇ ಗೇರಿನಲ್ಲಿ ನಿಧಾನವಾಗಿ ಇಳಿದು ಬಂದೆ.